ಎಲ್ವಾಸ್ ಗಡಿಕೋಟೆಗೆ ಮೋಟರ್‌ಹೋಮ್‌ನಲ್ಲಿ: ಗಾಡಿ ಹೊರಗೆ, ಕಾಲು ಒಳಗೆ

ಸಕಲೇಶಪುರದ ಮಂಜರಾಬಾದ್ ಕೋಟೆಯನ್ನು ಮೇಲಿನಿಂದ ತೆಗೆದ ಚಿತ್ರದಲ್ಲಿ ನೋಡಿದವರಿಗೆ ಎಲ್ವಾಸ್ ಅರ್ಧ ಪರಿಚಯವಾದಂತೆಯೇ. ಟಿಪ್ಪು ಕಟ್ಟಿಸಿದ ಆ ಎಂಟು ಮೂಲೆಯ ನಕ್ಷತ್ರ ಯಾವ ಲೆಕ್ಕಾಚಾರದ ಮೇಲೆ ನಿಂತಿದೆಯೋ, ಅದೇ ಲೆಕ್ಕಾಚಾರವನ್ನು ಇಡೀ ಊರಿನ ಸುತ್ತ ಹಾಸಿದರೆ ಎಲ್ವಾಸ್ ಆಗುತ್ತದೆ. ಪೋರ್ಚುಗಲ್‌ನ ಅಲೆಂತೇಜು ಸೀಮೆಯ ಪೂರ್ವದ ತುದಿಯಲ್ಲಿ, ಸ್ಪೇನ್‌ನ ಬಾದಹೋಸ್ ನಗರದಿಂದ ಸುಮಾರು 20 ಕಿ.ಮೀ. ದೂರದಲ್ಲಿ ಇದೆ ಈ ಊರು. ಮ್ಯಾಡ್ರಿಡ್‌ನಿಂದ ಲಿಸ್ಬನ್‌ಗೆ ಹೋಗುವ ಹೆದ್ದಾರಿಗೆ ಅಡ್ಡಲಾಗಿ ಕೂತ ಬೀಗ ಎನ್ನಿ. 2012ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಮೋಟರ್‌ಹೋಮ್‌ನಲ್ಲಿ, ಅಂದರೆ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಮನೆಗಾಡಿಯಲ್ಲಿ, ಬರುವವರು ಮೊದಲು ತಲೆಯಲ್ಲಿಟ್ಟುಕೊಳ್ಳಬೇಕಾದದ್ದು ಒಂದೇ: ಚಕ್ರದ ಮೇಲೆ ಬರುವವರನ್ನು ತಡೆಯುವುದಕ್ಕೆಂದೇ ಕಟ್ಟಿದ ಊರು ಇದು. ಫಿರಂಗಿ ಗಾಡಿಯನ್ನು ತಡೆದ ತಿರುವು ಏಳು ಮೀಟರಿನ ನಿಮ್ಮ ಗಾಡಿಯನ್ನೂ ತಡೆಯುತ್ತದೆ. ಹಾಗಾಗಿ ಇಲ್ಲಿ ಗಾಡಿ ಗೋಡೆಯ ಹೊರಗೇ ಇರಲಿ. ಊರನ್ನು ಮುತ್ತಿಗೆ ಹಾಕುವವನ ಹಾಗೆ ಹೊರಗಿನಿಂದ ಒಳಕ್ಕೆ, ಕಾಲ್ನಡಿಗೆಯಲ್ಲಿ ನೋಡುವುದು ಸರಿಯಾದ ಕ್ರಮ. ಎರಡು ರಾತ್ರಿ, ಎರಡೂವರೆ ದಿನ ಇಟ್ಟುಕೊಂಡರೆ ಸಾಕು.

ಹೊರಡುವ ಮುನ್ನ

ಪೋರ್ಚುಗಲ್, ಸ್ಪೇನ್ ಎರಡೂ ಷೆಂಗೆನ್ ವಲಯದಲ್ಲಿವೆ, ಒಂದೇ ವೀಸಾ ಸಾಕು. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಗಡಿಯಲ್ಲಿ ಗೇಟು, ಠಾಣೆ ಏನೂ ಇಲ್ಲದಿದ್ದರೂ ಪೊಲೀಸರು ಆಗೀಗ ನಿಲ್ಲಿಸಿ ಕೇಳುತ್ತಾರೆ. ಪಾಸ್‌ಪೋರ್ಟನ್ನು ಸೂಟ್‌ಕೇಸಿನ ತಳದಲ್ಲಿ ಹೂತಿಡಬೇಡಿ.

ಲೈಸೆನ್ಸಿನ ವಿಷಯದಲ್ಲಿ ಭಾರತದಿಂದ ಹೋಗುವವರು ಎಡವುವುದು ತೂಕದಲ್ಲಿ. ನಮ್ಮ ಎಲ್‌ಎಂವಿ ಲೈಸೆನ್ಸಿನಲ್ಲಿ ಊರಿನಲ್ಲಿ 7,500 ಕೆ.ಜಿ. ಗಾಡಿಯವರೆಗೆ ಓಡಿಸಬಹುದು. ಆದರೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿಯ ‘ಬಿ’ ದರ್ಜೆ 3,500 ಕೆ.ಜಿ.ಗೆ ನಿಲ್ಲುತ್ತದೆ. ಬಾಡಿಗೆಗೆ ಸಿಗುವ ಬಹುಪಾಲು ಮೋಟರ್‌ಹೋಮ್‌ಗಳ ಮಿತಿಯೂ ಅಷ್ಟೇ, ಆದ್ದರಿಂದ ಪರವಾನಗಿಗೆ ತೊಂದರೆಯಿಲ್ಲ. ತೊಂದರೆ ಬರುವುದು ಸಾಮಾನು ತುಂಬಿದ ಮೇಲೆ. ಖಾಲಿ ಗಾಡಿಯೇ 2,900–3,000 ಕೆ.ಜಿ. ಇರುತ್ತದೆ. ನಾಲ್ಕು ಜನ, 100 ಲೀಟರ್ ನೀರು, ಎರಡು ಗ್ಯಾಸ್ ಸಿಲಿಂಡರ್, ಮೇಲೆ ಅಕ್ಕಿ ಚೀಲ ಸೇರಿದರೆ ಮಿತಿ ಮುಟ್ಟಿಬಿಡುತ್ತದೆ. ದೂರದ ಓಟಕ್ಕೆ ನೀರಿನ ಟ್ಯಾಂಕನ್ನು 20–30 ಲೀಟರಿಗೆ ಇಳಿಸಿ, ಎಲ್ವಾಸ್ ಹತ್ತಿರ ಬಂದು ತುಂಬಿಸಿಕೊಳ್ಳಿ.

ಗಾಡಿ ಕೈಗೆ ಬಂದ ಕೂಡಲೇ ಮೂರು ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿ: ಎತ್ತರ, ಕನ್ನಡಿ ಬಿಚ್ಚಿದಾಗಿನ ಅಗಲ, ಒಟ್ಟು ಉದ್ದ. ಸಾಮಾನ್ಯ ಗಾಡಿಗೆ ಇವು ಸರಿಸುಮಾರು 3 ಮೀ., 2.7 ಮೀ., 7 ಮೀ. ಕಾಗದದಲ್ಲಿರುವ 2.3 ಮೀ. ಅಗಲ ಕನ್ನಡಿ ಸೇರಿಸದ ಲೆಕ್ಕ, ಅದನ್ನು ನಂಬಿ ಹೊರಟವರ ಕನ್ನಡಿ ಗೋಡೆಗೆ ಒರಸುತ್ತದೆ. ಹಿಂಚಕ್ರದ ಆಚೆ ಎಷ್ಟು ದೇಹ ಚಾಚಿಕೊಂಡಿದೆ ಎನ್ನುವುದನ್ನೂ ಹೆಜ್ಜೆಯಲ್ಲಿ ಅಳೆದಿಟ್ಟುಕೊಳ್ಳಿ. ತಿರುಗುವಾಗ ಆ ಬಾಲ ಎದುರು ದಿಕ್ಕಿಗೆ ಬೀಸುತ್ತದೆ, ಬಾಡಿಗೆ ಗಾಡಿಗಳಿಗೆ ಬೀಳುವ ಗೀರುಗಳಲ್ಲಿ ಹೆಚ್ಚಿನವು ಅಲ್ಲಿಯವೇ. ತಾರಸಿ, ನೆರಳುಬಟ್ಟೆಯ ಪೆಟ್ಟಿಗೆ, ಕೆಳ ಅಂಚು, ಗಾಜು ಇವಿಷ್ಟರ ಫೋಟೋ ತೆಗೆದಿಟ್ಟುಕೊಂಡರೆ ವಾಪಸು ಕೊಡುವಾಗ ವಾದ ಇರುವುದಿಲ್ಲ.

ಯಾವಾಗ

ಮಾರ್ಚ್ ಕೊನೆಯಿಂದ ಮೇ ತಿಂಗಳವರೆಗೆ, ಇಲ್ಲವೇ ಅಕ್ಟೋಬರ್. ಜುಲೈ, ಆಗಸ್ಟ್‌ಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಕಲಬುರಗಿಯ ಬಿಸಿಲು ಕಂಡವರು ಧೈರ್ಯ ಮಾಡಬಹುದು, ಆದರೆ ಗಾಡಿಯ ಫ್ರಿಜ್ ಧೈರ್ಯ ಮಾಡುವುದಿಲ್ಲ. ಗ್ಯಾಸಿನಲ್ಲಿ ಓಡುವ ಫ್ರಿಜ್ ಹೊರಗಿನ ಗಾಳಿಗೆ ಬಿಸಿಯನ್ನು ಬಿಟ್ಟೇ ತಂಪಾಗಬೇಕು. ಹೊರಗೇ 38–40 ಇದ್ದಾಗ ಹಾಲು ಒಡೆಯುತ್ತದೆ. ಬೇಸಿಗೆಯಲ್ಲೇ ಹೋಗಬೇಕಾಗಿ ಬಂದರೆ ಫ್ರಿಜ್ಜಿನ ಜಾಲರಿ ಇರುವ ಮಗ್ಗುಲು ಮಧ್ಯಾಹ್ನ ನೆರಳಿನಲ್ಲಿರುವಂತೆ ಗಾಡಿ ನಿಲ್ಲಿಸಿ.

ಎರಡು ದಿನಾಂಕಗಳು ನೆನಪಿರಲಿ. ಸೆಪ್ಟೆಂಬರ್ 20ರ ಆಸುಪಾಸಿನಲ್ಲಿ ಸಾವ್ ಮತೇವುಶ್ ಜಾತ್ರೆ, ಆಗ ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಜನವರಿ 14 ಊರಿನ ರಜೆ. ನಮಗೆ ಸಂಕ್ರಾಂತಿ, ಅವರಿಗೆ 1659ರಲ್ಲಿ ಸ್ಪೇನ್ ಸೈನ್ಯದ ಮುತ್ತಿಗೆಯನ್ನು ಮುರಿದ ದಿನ.

ದಾರಿ, ಟೋಲ್, ಗಡಿಯಾರ

ಲಿಸ್ಬನ್‌ನಿಂದ ಎ2, ಆಮೇಲೆ ಎ6 ಹಿಡಿದರೆ 200 ಕಿ.ಮೀ.ಗೆ ಸ್ವಲ್ಪ ಮೇಲೆ. ಟೋಲ್‌ನಲ್ಲಿ ಚೀಟಿ ತೆಗೆದುಕೊಂಡು, ಇಳಿಯುವಾಗ ಕಾರ್ಡಿನಲ್ಲೋ ನಗದಿನಲ್ಲೋ ಕಟ್ಟಬೇಕು. ಹಸಿರು ‘ವಿ’ ಗುರುತಿನ ಸಾಲು ಯಂತ್ರ ಅಳವಡಿಸಿದ ಗಾಡಿಗಳಿಗೆ ಮಾತ್ರ. ಪೋರ್ಚುಗಲ್‌ನಲ್ಲಿ ಟೋಲ್ ದರ್ಜೆ ನಿರ್ಧಾರವಾಗುವುದು ಮುಂದಿನ ಅಚ್ಚಿನ ನೇರಕ್ಕೆ ಗಾಡಿಯ ಎತ್ತರ ಎಷ್ಟು ಎನ್ನುವುದರಿಂದ: 1.10 ಮೀ. ದಾಟಿದರೆ ಸಾಮಾನ್ಯವಾಗಿ ಎರಡನೇ ದರ್ಜೆ. ಮೋಟರ್‌ಹೋಮ್‌ನ ಮೂತಿ ಅಷ್ಟು ಎತ್ತರ ಇದ್ದೇ ಇರುತ್ತದೆ, ಕಾರಿನ ದರ ನೋಡಿ ಲೆಕ್ಕ ಹಾಕಬೇಡಿ.

ಮ್ಯಾಡ್ರಿಡ್ ಕಡೆಯಿಂದ ಎ-5 ಹೆದ್ದಾರಿ ಬಾದಹೋಸ್‌ವರೆಗೆ ಸುಮಾರು 400 ಕಿ.ಮೀ., ಟೋಲ್ ಇಲ್ಲ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಸ್ವಂತ ಗಾಡಿಯಲ್ಲೇ ಬರುವುದಾದರೆ ಪ್ಲಿಮತ್ ಅಥವಾ ಪೋರ್ಟ್ಸ್‌ಮತ್‌ನಿಂದ ಸಾಂತಾಂದೇರ್‌ಗೆ ಹಡಗು ಹತ್ತಿ, ಅಲ್ಲಿಂದ ಎ-67, ಎ-62 ಹಿಡಿದು ಸಲಮಾಂಕಾ ತಲುಪಿ, ಆಮೇಲೆ ಎ-66ರಲ್ಲಿ ಮೇರಿದಾ ಮೂಲಕ ಇಳಿಯಬಹುದು. 700 ಕಿ.ಮೀ.ಗೂ ಮೇಲಿನ ದಾರಿ, ಎರಡು ದಿನ ಮಾಡಿಕೊಳ್ಳಿ.

ಗಡಿ ಎಂದರೆ ಕಾಯಾ ಎಂಬ ಸಣ್ಣ ಹೊಳೆ. ಸ್ಪೇನ್ ಕಡೆಯಿಂದ ದಾಟಿದಾಗ ಫೋನಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ, ಏಕೆಂದರೆ ಪೋರ್ಚುಗಲ್ ಸ್ಪೇನ್‌ಗಿಂತ ಒಂದು ಗಂಟೆ ಹಿಂದೆ. ಎಲ್ವಾಸ್‌ನಿಂದ ಮಧ್ಯಾಹ್ನ ಒಂದಕ್ಕೆ ಹೊರಟು ಬಾದಹೋಸ್ ಮುಟ್ಟುವ ಹೊತ್ತಿಗೆ ಅಲ್ಲಿ ಎರಡೂವರೆ ಹತ್ತಿರ, ಅಂಗಡಿಗಳು ಊಟದ ಹೊತ್ತಿಗೆ ಬಾಗಿಲೆಳೆದಿರುತ್ತವೆ. ಡೀಸೆಲ್ ಮಾತ್ರ ಸ್ಪೇನ್ ಕಡೆಯೇ ಅಗ್ಗ, ಟ್ಯಾಂಕ್ ತುಂಬಿಸಿಕೊಳ್ಳುವುದಿದ್ದರೆ ಅಲ್ಲಿ ತುಂಬಿಸಿ. ಗ್ಯಾಸ್ ಸಿಲಿಂಡರ್‌ಗಳ ಮೂತಿ ದೇಶದಿಂದ ದೇಶಕ್ಕೆ ಬೇರೆ, ಒಂದು ಕಡೆಯ ಖಾಲಿ ಸಿಲಿಂಡರನ್ನು ಇನ್ನೊಂದು ಕಡೆ ಬದಲಿಸಿಕೊಡುವುದಿಲ್ಲ. ಗಡಿ ದಾಟುವ ಮುನ್ನ ಎಷ್ಟು ಉಳಿದಿದೆ ಎಂದು ಎತ್ತಿ ನೋಡಿ.

ಗಾಡಿ ಎಲ್ಲಿ, ಹೇಗೆ ನಿಲ್ಲಿಸುವುದು

ಇಡೀ ಪ್ರವಾಸ ಕೆಡುವುದೂ ಸುಗಮವಾಗುವುದೂ ಇಲ್ಲಿಯೇ.

ಮೊದಲನೆಯ ತಪ್ಪು ಮ್ಯಾಪಿನಲ್ಲಿ ಬರೇ ‘ಎಲ್ವಾಸ್’ ಎಂದು ಹಾಕುವುದು. ಅದು ನಿಮ್ಮನ್ನು ಗೋಡೆಯೊಳಗಿನ ನಡು ಚೌಕಕ್ಕೆ, ಪ್ರಾಸಾ ದ ರೆಪುಬ್ಲಿಕಾಕ್ಕೆ ಎಳೆದೊಯ್ಯುತ್ತದೆ. ಹೋಗುವ ದಾರಿಯಲ್ಲಿ ಹೆಬ್ಬಾಗಿಲು, ಅದರೊಳಗೆ ತಿರುವು, ಆಮೇಲೆ ಎರಡೂ ಕಡೆ ಬಾಲ್ಕನಿ ಚಾಚಿದ ಓಣಿ. ಬದಲಿಗೆ ಊರಿನ ಪಶ್ಚಿಮಕ್ಕಿರುವ ‘ಅಕೆದೂತು ದ ಅಮೊರೈರಾ’ ಎಂದು ಹಾಕಿ, ಅಂದರೆ ಕಮಾನುಗಳ ಮೇಲೆ ನೀರು ಹರಿಸುವ ಅಮೊರೈರಾ ಮೇಲ್ಗಾಲುವೆ. ಅದರ ಬುಡದಲ್ಲಿ ದೊಡ್ಡ ವಾಹನಗಳೂ ನಿಲ್ಲುವಷ್ಟು ವಿಶಾಲ ಜಾಗವಿದೆ, ಅಲ್ಲಿಂದ ಗೋಡೆ ಹತ್ತು ನಿಮಿಷದ ನಡಿಗೆ. ಕಾಲುವೆಯ ಕಮಾನುಗಳ ಕೆಳಗೆ ರಸ್ತೆ ಹಾಯುವಲ್ಲಿ ಕೆಂಪು ವೃತ್ತದ ಫಲಕ ಕಂಡರೆ ಅಂಟಿಸಿಟ್ಟ ಚೀಟಿ ನೋಡಿ, ಅಂದಾಜಿನ ಮೇಲೆ ನುಗ್ಗಬೇಡಿ.

ಎರಡನೆಯದು ಕಾನೂನು. 2021ರ ಆಗಸ್ಟ್‌ನಿಂದ ಪೋರ್ಚುಗಲ್‌ನ ನಿಯಮ ಹೀಗಿದೆ: ಮೋಟರ್‌ಹೋಮ್‌ಗಳಿಗೆಂದೇ ಗೊತ್ತುಮಾಡಿದ ತಾಣಗಳ ಹೊರಗೆ, ಒಂದು ಪುರಸಭೆಯ ವ್ಯಾಪ್ತಿಯಲ್ಲಿ 48 ಗಂಟೆಗಿಂತ ಹೆಚ್ಚು ರಾತ್ರಿ ತಂಗುವಂತಿಲ್ಲ. ಸಂರಕ್ಷಿತ ಪ್ರದೇಶ, ಕಡಲ ಕರೆಯಲ್ಲಾದರೆ ಆ ರಿಯಾಯಿತಿಯೂ ಇಲ್ಲ. ಸ್ಥಳೀಯ ಫಲಕ ಬೇರೆ ಹೇಳಿದರೆ ಫಲಕದ್ದೇ ಮಾತು. ಪಾರ್ಕ್‌ಫಾರ್‌ನೈಟ್ ಆ್ಯಪಿನಲ್ಲಿ ಹೊರಡುವ ಹಿಂದಿನ ದಿನ ಇತ್ತೀಚಿನ ಅಭಿಪ್ರಾಯಗಳನ್ನು ಓದಿ. ಎರಡು ವರ್ಷ ಹಳೆಯ ಐದು ನಕ್ಷತ್ರಕ್ಕಿಂತ ಕಳೆದ ವಾರದ ಒಂದು ಸಾಲು ಬೆಲೆಯುಳ್ಳದ್ದು.

ಮೂರನೆಯದು ‘ನಿಲ್ಲಿಸುವುದು’ ಬೇರೆ, ‘ಬಿಡಾರ ಹೂಡುವುದು’ ಬೇರೆ ಎನ್ನುವ ಅರಿವು. ಒಳಗೆ ಮಲಗಿ, ಒಳಗೇ ಉಂಡರೆ ನೀವು ಗಾಡಿ ನಿಲ್ಲಿಸಿದ್ದೀರಿ. ನೆರಳುಬಟ್ಟೆ ಬಿಚ್ಚಿ, ಕುರ್ಚಿ ಮೇಜು ಹಾಕಿ, ಬಟ್ಟೆ ಒಣಹಾಕಿದರೆ ಬಿಡಾರ, ಅದಕ್ಕೆ ದಂಡ. ಸ್ಪೇನ್‌ನಲ್ಲೂ ತತ್ವ ಇದೇ: ಚಕ್ರ ಬಿಟ್ಟು ಬೇರೇನೂ ನೆಲ ಮುಟ್ಟಬಾರದು, ಕಿಟಕಿ ಗಾಡಿಯ ಅಂಚಿನಾಚೆ ಚಾಚಬಾರದು. ಸಂಜೆ ಹೊರಗೆ ಕೂತು ಕಾಫಿ ಕುಡಿಯಬೇಕೆನ್ನುವವರಿಗೆ ಕ್ಯಾಂಪಿಂಗ್ ತಾಣವೇ ಸರಿ.

ನಿಲ್ಲಿಸುವ ಕ್ರಮ ಹೀಗಿರಲಿ. ಬಂದ ಕೂಡಲೇ ಎಂಜಿನ್ ಆರಿಸದೆ ಜಾಗವನ್ನು ಒಂದು ಸುತ್ತು ಹಾಕಿ. ಹೊರಡುವ ದಿಕ್ಕಿಗೆ ಮೂತಿ ಮಾಡಿ ನಿಲ್ಲಿಸಿ, ರಾತ್ರಿ ಹೊರಡಬೇಕಾಗಿ ಬಂದರೆ ಹಿಮ್ಮುಖ ತೆಗೆಯುವ ಪಾಡಿರಬಾರದು. ಒಲೆಯ ಮೇಲೆ ಒಂದು ಬಟ್ಟಲು ನೀರಿಟ್ಟು ಮಟ್ಟ ನೋಡಿ: ನೀರು ಕಣ್ಣಿಗೆ ಕಾಣುವಷ್ಟು ವಾಲಿದರೆ ಗ್ಯಾಸ್ ಫ್ರಿಜ್ ಸರಿಯಾಗಿ ಓಡುವುದಿಲ್ಲ, ಬೇರೆ ಜಾಗ ಹುಡುಕಿ. ಪರದೆ ಎಳೆಯುವ ಮೊದಲು ಕಣ್ಣಿಗೆ ಬೀಳುವ ಫೋನು, ಚೀಲ ಎಲ್ಲ ಎತ್ತಿಡಿ.

ಎಷ್ಟು ಎಚ್ಚರ ವಹಿಸಿದರೂ ಓಣಿಗೆ ಸಿಕ್ಕಿಕೊಂಡಿರಾ? ‘ಇನ್ನೊಂದು ತಿರುವು ನೋಡೋಣ’ ಎನ್ನುವುದೇ ಅಲ್ಲಿಯ ಮಹಾಪಾಪ. ಈ ಊರಿನ ಓಣಿಗಳು ಮೇಲೆ ಹೋದಷ್ಟೂ ಕಿರಿದಾಗುತ್ತವೆ. ನಿಲ್ಲಿಸಿ, ನಾಲ್ಕೂ ದೀಪ ಮಿಟುಕಿಸಿ, ಒಬ್ಬರು ಇಳಿದು ಹಿಂದೆ ನಿಲ್ಲಿ. ಹಿಂದಿನವರು ಚಾಲಕನ ಕನ್ನಡಿಯಲ್ಲಿ ಕಾಣುವ ಜಾಗದಲ್ಲಿರಬೇಕು, ಕಾಣದಾದ ಕ್ಷಣ ಗಾಡಿ ನಿಲ್ಲಬೇಕು. ‘ಬಾ, ಬಾ, ಬಾ’ ಎಂದು ಕೂಗುವುದಕ್ಕಿಂತ ಕೈಸನ್ನೆ ಮೊದಲೇ ಗೊತ್ತುಮಾಡಿಕೊಳ್ಳಿ. ಬಂದ ದಾರಿಯಲ್ಲೇ, ಇಂಚಿಂಚಾಗಿ ವಾಪಸು.

ನೀರು, ಕರೆಂಟು, ಒಗ್ಗರಣೆ

ಇಬ್ಬರು ಮಿತವಾಗಿ ಬಳಸಿದರೆ ದಿನಕ್ಕೆ 30–40 ಲೀಟರ್ ನೀರು. 100 ಲೀಟರ್ ಟ್ಯಾಂಕು ಎರಡೂವರೆ ದಿನ ಬಂತೆಂದುಕೊಳ್ಳಿ. ಶೌಚದ ಪೆಟ್ಟಿಗೆ ಸಾಮಾನ್ಯವಾಗಿ 17–20 ಲೀಟರ್, ಇಬ್ಬರಿಗೆ ಎರಡು ಮೂರು ದಿನ, ನಾಲ್ವರಿಗೆ ಒಂದೂವರೆ ದಿನ. ಅದನ್ನು ಗೊತ್ತುಮಾಡಿದ ಸೇವಾತಾಣದಲ್ಲಲ್ಲದೆ ಬೇರೆಲ್ಲೂ, ಮಳೆನೀರಿನ ಚರಂಡಿಗಂತೂ ಖಂಡಿತ, ಸುರಿಯಬಾರದು.

ನಮ್ಮ ಅಡುಗೆಗೆ ಈ ಗಾಡಿಗಳನ್ನು ಮಾಡಿಲ್ಲ. ಒಗ್ಗರಣೆ ಸಿಡಿದೊಡನೆ ಹೊಗೆ ಎಚ್ಚರಿಕೆ ಯಂತ್ರ ಕಿರುಚುತ್ತದೆ. ಅದರ ಬ್ಯಾಟರಿ ಕಿತ್ತಿಡುವವರಿದ್ದಾರೆ, ಹಾಗೆ ಮಾಡಲೇಬೇಡಿ. ಮಲಗಿದ್ದಾಗ ಗಾಡಿಗೆ ಬೆಂಕಿ ಹೊತ್ತಿದರೆ ಜೀವ ಉಳಿಸುವುದು ಆ ಯಂತ್ರವೇ. ತಾರಸಿಯ ಕಿಂಡಿ ತೆರೆದು, ಸಾಸಿವೆ ಹಾಕಿದ ತಕ್ಷಣ ಮುಚ್ಚಳ ಮುಚ್ಚಿ, ಒಣಮೆಣಸಿನಕಾಯಿಯನ್ನು ಉರಿ ಆರಿಸಿದ ಮೇಲೆ ಹಾಕಿ. ಚಿಕ್ಕ ಕುಕ್ಕರ್ ಒಂದಿದ್ದರೆ ಗ್ಯಾಸೂ ಉಳಿಯುತ್ತದೆ, ಒಳಗೆ ಆವಿಯೂ ಕಡಿಮೆ. ಸಾರಿನ ಪಾತ್ರೆಯನ್ನು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯಿರಿ. ಎಣ್ಣೆ, ಬೇಳೆ ಗಸಿ ಕೊಳೆನೀರಿನ ಟ್ಯಾಂಕಿಗೆ ಇಳಿದರೆ ಎರಡನೇ ದಿನಕ್ಕೇ ಸಿಂಕಿನಿಂದ ನಾತ.

ಕ್ಯಾಂಪಿಂಗ್ ತಾಣದ ಕರೆಂಟು 6 ಆಂಪಿಯರ್ ಆದರೆ ಸಿಗುವುದು 1,380 ವ್ಯಾಟ್ ಮಾತ್ರ (230 ವೋಲ್ಟ್ × 6). 2,000 ವ್ಯಾಟಿನ ಇಂಡಕ್ಷನ್ ಒಲೆ ಹಚ್ಚಿದರೆ ಕಂಬದ ಸ್ವಿಚ್ಚೇ ಬೀಳುತ್ತದೆ, ರಾತ್ರಿ ಅದನ್ನು ಎತ್ತುವವರು ಇರುವುದಿಲ್ಲ. 10 ಆಂಪಿಯರ್ ಇದ್ದರೆ 2,300 ವ್ಯಾಟ್, ಆಗ ಒಂದು ಸಲಕ್ಕೆ ಒಂದು ಉಪಕರಣ. ಮಿಕ್ಸಿ 750 ವ್ಯಾಟ್ ಎಂದು ಬರೆದಿದ್ದರೂ ಶುರುವಾಗುವ ಕ್ಷಣ ಅದರ ಎರಡು ಮೂರು ಪಟ್ಟು ಎಳೆಯುತ್ತದೆ, ಚಿಕ್ಕ ಇನ್ವರ್ಟರ್ ಅಲ್ಲೇ ಕೈಚೆಲ್ಲುತ್ತದೆ. ಚಟ್ನಿಪುಡಿ ಕಟ್ಟಿಕೊಂಡು ಹೋಗುವುದು ಜಾಣತನ.

ಹೊರಗೆ ಉಣ್ಣುವ ಸಸ್ಯಾಹಾರಿಗಳಿಗೆ ಒಂದು ಸಮಾಧಾನ: ಅಲೆಂತೇಜು ಅಡುಗೆಯಲ್ಲಿ ಕೊತ್ತಂಬರಿ ಸೊಪ್ಪು ಧಾರಾಳ. ‘ಅಸೋರ್ದ’ ಎಂದರೆ ಬೆಳ್ಳುಳ್ಳಿ, ಕೊತ್ತಂಬರಿ, ಆಲಿವ್ ಎಣ್ಣೆ ಅರೆದು, ಬಿಸಿನೀರು ಹುಯ್ದು, ಹಳೆಯ ಬ್ರೆಡ್ ಮುಳುಗಿಸಿದ ತಿನಿಸು. ಮೇಲೆ ಮೊಟ್ಟೆ ಇಡುತ್ತಾರೆ, ಎಷ್ಟೋ ಕಡೆ ಮೀನು ಬೇಯಿಸಿದ ನೀರನ್ನೇ ಹುಯ್ಯುತ್ತಾರೆ. ‘ಸೈಂ ಕಾರ್ನ್, ಸೈಂ ಪೈಶ್, ಸೈಂ ಓವು’ ಎಂದು ಮೂರನ್ನೂ ಹೇಳಿ: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ. ಸಿಹಿಗೆ ಸಕ್ಕರೆ ಪಾಕದಲ್ಲಿ ಇಳಿಸಿದ ಎಲ್ವಾಸ್ ಪ್ಲಮ್ ಹಣ್ಣು ಕೊಳ್ಳಿ. ಅದನ್ನು ‘ಸೆರಿಕಾಯ’ ಎಂಬ ಹಾಲು-ಮೊಟ್ಟೆ-ದಾಲ್ಚಿನ್ನಿಯ ಸಿಹಿಯ ಮೇಲಿಟ್ಟು ಕೊಡುವುದು ಇಲ್ಲಿಯ ರೂಢಿ.

ಮೊದಲ ಸಂಜೆ: ನೀರಿನಿಂದ ಶುರುಮಾಡಿ

ಗಾಡಿಯಿಂದ ಇಳಿದರೆ ಎದುರಿಗೇ ಮೇಲ್ಗಾಲುವೆ. 16ನೇ ಶತಮಾನದಲ್ಲಿ ಫ್ರಾನ್ಸಿಸ್ಕು ದ ಅರ್ರುದ ಇದರ ಕೆಲಸ ಶುರುಮಾಡಿದ. ಲಿಸ್ಬನ್‌ನ ಬೆಲೆಂ ಗೋಪುರ ಕಟ್ಟಿದವನೂ ಅವನೇ. ಊರೊಳಗೆ ನೀರು ಬಂದದ್ದು 1622ರಲ್ಲಿ. ಸುಮಾರು ಏಳೂವರೆ ಕಿ.ಮೀ. ಉದ್ದ, 843 ಕಮಾನು, ಕಣಿವೆಯ ನಡುವೆ 31 ಮೀಟರ್ ಎತ್ತರ. ಅತಿ ಆಳವಿರುವಲ್ಲಿ ಕಮಾನಿನ ಮೇಲೆ ಕಮಾನು, ನಾಲ್ಕು ಅಂತಸ್ತು. ಖರ್ಚಿಗೆ ಊರಿನವರ ಮೇಲೆ ‘ನೀರಿನ ತೆರಿಗೆ’ ಹಾಕಿದ್ದರು.

ಇದನ್ನು ಚೆಂದದ ಕಟ್ಟಡವೆಂದು ನೋಡಿ ಮುಂದೆ ಹೋದರೆ ಊರಿನ ಅರ್ಧ ಕಥೆ ಕೈತಪ್ಪುತ್ತದೆ. ಗುಡ್ಡದ ಮೇಲಿನ ಊರು, ಬಾವಿ ಸಾಲದು. ನೀರು ಬರುವ ದಾರಿ ಪೂರ್ತಿ ಗೋಡೆಯ ಹೊರಗೆ, ಶತ್ರು ಒಂದು ಕಮಾನು ಉರುಳಿಸಿದರೆ ಸಾಕು. ಅದಕ್ಕೇ ಗೋಡೆಯೊಳಗೆ ಸೈನ್ಯಕ್ಕೆಂದು ದೊಡ್ಡ ನೆಲಮಾಳಿಗೆ ತೊಟ್ಟಿ ಕಟ್ಟಿದರು. ಬಿಸಿಲು ಇಳಿಯುವ ಹೊತ್ತಿನಲ್ಲಿ ಕಾಲುವೆಯ ಗುಂಟ ಊರಿನ ಕಡೆಗೆ ನಡೆದು, ಅದು ಗೋಡೆಯನ್ನು ಸೇರುವಲ್ಲಿ ನಿಂತು ನೋಡಿ. ಮೊದಲ ಸಂಜೆಗೆ ಅಷ್ಟು ಸಾಕು.

ಎರಡನೇ ದಿನ: ಗೋಡೆಯನ್ನು ಓದುವ ಬಗೆ

ಬೆಳಗ್ಗೆ ಎಂಟಕ್ಕೆ ಹೊರಡಿ. ತಲಾ ಒಂದೂವರೆ ಲೀಟರ್ ನೀರು, ಟೋಪಿ, ಹಿಡಿತವಿರುವ ಬೂಟು. ಇಲ್ಲಿಯ ನೆಲಗಲ್ಲುಗಳು ನೂರಾರು ವರ್ಷ ಸವೆದು ನುಣುಪಾಗಿವೆ, ಇಬ್ಬನಿ ಬಿದ್ದರೂ ಜಾರುತ್ತವೆ. ಗೋಡೆಯ ಮೇಲೆ ಬಹಳ ಕಡೆ ಕಟಾಂಜನವಿಲ್ಲ, ಕೆಳಗೆ ಕಂದಕ. ಮಕ್ಕಳ ಕೈ ಬಿಡಬೇಡಿ, ಫೋಟೋಕ್ಕೆಂದು ಹಿಂದೆ ಹಿಂದೆ ಸರಿಯಬೇಡಿ.

ಮೊದಲು ಊರೊಳಗೆ ಹೋಗದೆ ದಕ್ಷಿಣದ ದಿಣ್ಣೆಯ ಮೇಲಿರುವ ಸಾಂತಾ ಲೂಜಿಯಾ ಕೋಟೆಗೆ ನಡೆಯಿರಿ, ಗೋಡೆಯಿಂದ ಇಪ್ಪತ್ತು ನಿಮಿಷ. 1640ರಲ್ಲಿ ಪೋರ್ಚುಗಲ್ ಸ್ಪೇನ್ ದೊರೆಯ ಹಿಡಿತ ಕಳಚಿಕೊಂಡಿತು, 1641ರಲ್ಲಿ ಈ ಕೋಟೆಯ ಕೆಲಸ ಶುರುವಾಯಿತು. ಆ ಯುದ್ಧ 1668ರವರೆಗೆ ನಡೆಯಿತು. ಇಲ್ಲಿಂದ ಊರಿನ ಗೋಡೆ ಇಡಿಯಾಗಿ ಕಾಣುತ್ತದೆ, ಓದಲು ಕಲಿಯುವುದು ಇಲ್ಲಿಂದಲೇ ಸುಲಭ.

ಚಿತ್ರದುರ್ಗದ ಕೋಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಲಿಸಿ. ಅಲ್ಲಿ ಗೋಡೆ ಎತ್ತರ, ಬುರುಜು ದುಂಡು. ಇಲ್ಲಿ ಗೋಡೆ ತಗ್ಗು, ದಪ್ಪ, ಕೊತ್ತಳಗಳೆಲ್ಲ ಬಾಣದ ಮೊನೆಯ ಹಾಗೆ ಚೂಪು. ಎತ್ತರದ ಗೋಡೆ ಫಿರಂಗಿಗೆ ಒಳ್ಳೆಯ ಗುರಿ, ಅದಕ್ಕೇ ತಗ್ಗಿಸಿ ಹಿಂದೆ ಮಣ್ಣು ತುಂಬಿದರು. ಗುಂಡು ಮಣ್ಣಿನಲ್ಲಿ ಹೂತುಕೊಳ್ಳುತ್ತದೆ, ಕಲ್ಲಿನ ಹಾಗೆ ಸೀಳುವುದಿಲ್ಲ. ದುಂಡು ಬುರುಜಿನ ಮುಂದೆ, ಅಕ್ಕಪಕ್ಕದ ಯಾವ ತೋಪಿಗೂ ಎಟುಕದ ಒಂದು ಕುರುಡು ಜಾಗ ಉಳಿಯುತ್ತದೆ, ಶತ್ರು ಅಲ್ಲಿ ನುಸುಳಿ ಬುಡ ಅಗೆಯಬಹುದು. ಚೂಪು ಕೊತ್ತಳದಲ್ಲಿ ಆ ಕುರುಡು ಜಾಗವೇ ಇಲ್ಲ: ಪ್ರತಿ ಮುಖವನ್ನೂ ಪಕ್ಕದ ಕೊತ್ತಳದ ತೋಪು ಉದ್ದಕ್ಕೂ ಗುಡಿಸುತ್ತದೆ. ಯಾವುದೇ ಕೊತ್ತಳದ ಒಳಮೂಲೆಯಲ್ಲಿ ನಿಂತು ಕಣ್ಣನ್ನು ಗೋಡೆಯ ಗುಂಟ ಹಾಯಿಸಿ, ದೃಷ್ಟಿ ನೇರ ಪಕ್ಕದ ಕೊತ್ತಳದ ಮೊನೆಗೆ ಹೋಗಿ ತಾಕುತ್ತದೆ. ಯೋಹಾನ್ ಸಿಯೆರ್ಮಾನ್ಸ್, ಪೋರ್ಚುಗೀಸರ ಬಾಯಲ್ಲಿ ಕೊಸ್ಮಾಂದೆರ್, ಎಂಬ ಜೆಸ್ಯೂಟ್ ಪಾದ್ರಿ ಈ ಗೆರೆಗಳನ್ನು ಎಳೆದ ಗಣಿತಜ್ಞ. ಗೋಡೆಯ ಮುಂದೆ ನೀರಿಲ್ಲದ ಒಣ ಕಂದಕ, ಕಂದಕದ ನಡುವೆ ತ್ರಿಕೋನದ ದಿಣ್ಣೆಗಳು, ಆಚೆ ದಡದಲ್ಲಿ ಕಾವಲಿನವರು ತಲೆ ಮರೆಸಿ ಓಡಾಡುವ ಮರೆದಾರಿ, ಅದರಾಚೆ ಹುಲ್ಲಿನ ಇಳಿಜಾರು. ಆ ಇಳಿಜಾರು ಸಹಜವಾದದ್ದಲ್ಲ, ಮೇಲೇರಿ ಬರುವವನು ತೋಪಿನ ಬಾಯಿಯ ನೇರಕ್ಕೆ ಬರಲಿ ಎಂದೇ ಕಡೆದದ್ದು.

ಈಗ ಒಲಿವೆನ್ಸಾ ಹೆಬ್ಬಾಗಿಲಿನಿಂದ ಒಳಗೆ ಹೋಗಿ. ದಾರಿ ಹೇಗೆ ಬಳುಕಿ ತಿರುಗುತ್ತದೆ ನೋಡಿ. ನೇರ ದಾರಿಯಿದ್ದರೆ ಹೊರಗಿನ ತೋಪು ಒಳಬಾಗಿಲನ್ನೇ ಒಡೆಯುತ್ತಿತ್ತು. ಮೋಟರ್‌ಹೋಮ್ ಯಾಕೆ ಹೊರಗೆ ಬಿಡಬೇಕಿತ್ತು ಎನ್ನುವುದು ಇಲ್ಲಿ ನಿಂತಾಗ ತಾನೇ ಹೊಳೆಯುತ್ತದೆ.

ಒಳಗೆ ನೋಡುವುದು ಹೆಚ್ಚೇನಿಲ್ಲ, ಆದರೆ ನೋಡುವಂಥದ್ದು ಒಂದಿದೆ: ದೊಮಿನಿಕಾಸ್ ಇಗರ್ಜಿ. ಹೊರಗಿನಿಂದ ಕಣ್ಣಿಗೇ ಬೀಳದಷ್ಟು ಸಾದಾ. ಒಳಗೆ ಎಂಟು ಮೂಲೆಯ ಪುಟ್ಟ ಮಂಟಪ, ಬುಡದಿಂದ ಗುಮ್ಮಟದವರೆಗೆ 17ನೇ ಶತಮಾನದ ನೀಲಿ-ಹಳದಿ ಹೆಂಚುಬಿಲ್ಲೆ. ಅದರೆದುರಿನ ಸಾಂತಾ ಕ್ಲಾರಾ ಚೌಕದಲ್ಲಿ ಅಪರಾಧಿಗಳನ್ನು ಕಟ್ಟುತ್ತಿದ್ದ ಕಲ್ಲುಕಂಬ, ಅರಬರ ಕಾಲದ ಗೋಡೆಯ ಕಮಾನು. ಹಳೆಯ ಕೆಥೆಡ್ರಲ್ ಪ್ರಾಸಾ ದ ರೆಪುಬ್ಲಿಕಾದಲ್ಲಿದೆ, ಹತ್ತು ನಿಮಿಷ ಸಾಕು. ಪ್ರವಾಸಿ ಕಚೇರಿಯೂ ಅದೇ ಚೌಕದಲ್ಲಿ, ಆ ದಿನ ಯಾವುದು ತೆರೆದಿದೆ ಎಂದು ಅಲ್ಲೇ ಕೇಳಿಕೊಳ್ಳಿ. ಸೋಮವಾರ ಪೋರ್ಚುಗಲ್‌ನ ಮ್ಯೂಸಿಯಮ್ಮುಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ಸೋಮವಾರವನ್ನು ಗೋಡೆಯ ನಡಿಗೆಗೆ ಬಿಟ್ಟುಕೊಡಿ.

ಮೇಲಿನ ಹಳೆಯ ಕೋಟೆಮನೆಯ ಹತ್ತಿರದ ಕೊತ್ತಳದಲ್ಲಿ ಸಣ್ಣದೊಂದು ಇಂಗ್ಲಿಷ್ ಸ್ಮಶಾನವಿದೆ. ಕನ್ನಡನಾಡಿನವರು ಇಲ್ಲಿ ಐದು ನಿಮಿಷ ಹೆಚ್ಚು ನಿಲ್ಲಬೇಕು. 1811–12ರಲ್ಲಿ, ಆಗ ಫ್ರೆಂಚರ ಕೈಯಲ್ಲಿದ್ದ ಎದುರಿನ ಬಾದಹೋಸನ್ನು ಮುತ್ತಿದ ಇಂಗ್ಲಿಷ್ ಸೈನ್ಯದವರು, ಅಲ್ಬುಎರಾ ಕಾಳಗದಲ್ಲಿ ಬಿದ್ದವರು ಇಲ್ಲಿ ಸ್ಮರಿಸಲ್ಪಡುತ್ತಾರೆ. ಆ ಸೈನ್ಯದ ದಂಡನಾಯಕ ವೆಲಿಂಗ್ಟನ್, ಅಂದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದರ ಆಡಳಿತ ವಹಿಸಿಕೊಂಡ ಅದೇ ಆರ್ಥರ್ ವೆಲ್ಲೆಸ್ಲಿ. ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆಯ ಮರಗಳ ತೋಪಿನ ಮೇಲಿನ ರಾತ್ರಿ ದಾಳಿಯಲ್ಲಿ ಕತ್ತಲೆಗೆ ದಾರಿತಪ್ಪಿ ಸೋತವನು, ಇಲ್ಲಿ 1811ರಲ್ಲಿ ಮತ್ತೆ ಮುತ್ತಿಗೆಯಲ್ಲಿ ಕೈಸುಟ್ಟುಕೊಂಡ. ಎಲ್ವಾಸ್‌ನಿಂದ ಎಳೆದೊಯ್ದ ತೋಪುಗಳಲ್ಲಿ 17ನೇ ಶತಮಾನದ ಹಳೆಯ ಹಿತ್ತಾಳೆ ತೋಪುಗಳೂ ಇದ್ದವು, ಅವುಗಳಿಂದ ಬಾದಹೋಸ್ ಗೋಡೆ ಒಡೆಯಲಿಲ್ಲ. ಮರುವರ್ಷ ಒಳ್ಳೆಯ ತೋಪು ತಂದು, 1812ರ ಏಪ್ರಿಲ್ 6ರ ರಾತ್ರಿ ನುಗ್ಗಿ ಗೆದ್ದಾಗ ಆ ಮುತ್ತಿಗೆಯಲ್ಲಿ ಸತ್ತವರು, ಗಾಯಗೊಂಡವರು ಅವನ ಕಡೆಯೇ ನಾಲ್ಕೂವರೆ ಸಾವಿರಕ್ಕೂ ಹೆಚ್ಚು. ಸ್ಮಶಾನದ ಬಾಗಿಲಿಗೆ ಬೀಗ ಕಂಡರೆ ಪ್ರವಾಸಿ ಕಚೇರಿಯಲ್ಲಿ ‘ಶಾವ್’ ಕೇಳಿ. ನಮ್ಮ ಚಾವಿ ಆ ಪದದಿಂದಲೇ ಬಂದದ್ದು.

ಮೂರನೇ ಬೆಳಗ್ಗೆ: ಗ್ರಾಸಾ ಕೋಟೆ

ಊರಿನ ಉತ್ತರಕ್ಕೆ, ಊರಿಗಿಂತ ಎತ್ತರದ ಗುಡ್ಡದ ಮೇಲೆ ಗ್ರಾಸಾ ಕೋಟೆ. ಇದನ್ನು ಕೊನೆಗೆ ಇಟ್ಟುಕೊಳ್ಳಲು ಕಾರಣವಿದೆ. 1658–59ರ ಮುತ್ತಿಗೆಯಲ್ಲಿ ಸ್ಪೇನ್‌ನವರು ಈ ಗುಡ್ಡ ಹಿಡಿದು ಊರಿನ ಮೇಲೆ ಗುಂಡು ಸುರಿದರು. ಊರಿನ ಗೋಡೆ ಎಷ್ಟೇ ಗಣಿತದ್ದಾದರೂ ಮೇಲಿನಿಂದ ಬೀಳುವ ಗುಂಡಿಗೆ ಉತ್ತರವಿರಲಿಲ್ಲ. ನೂರು ವರ್ಷ ಕಳೆದು, 1763ರಲ್ಲಿ, ಪೋರ್ಚುಗಲ್ ಸೈನ್ಯ ಸುಧಾರಿಸಲು ಬಂದ ಜರ್ಮನ್ ದೊರೆ ಲಿಪ್ಪೆಯ ಕೌಂಟ್ ಇಲ್ಲಿ ಕೋಟೆ ಕಟ್ಟಲು ಹೇಳಿದ. ಕೆಲಸ ಮುಗಿದದ್ದು 1792ರಲ್ಲಿ. ಆಮೇಲೆ ಬಹುಕಾಲ ಸೈನಿಕರ ಸೆರೆಮನೆಯಾಗಿತ್ತು, ದುರಸ್ತಿಯಾಗಿ ಜನರಿಗೆ ತೆರೆದದ್ದು 2015ರಲ್ಲಿ.

ಮೇಲೇರುವ ರಸ್ತೆ ಕಡಿದು, ಸುತ್ತುಬಳಸಿನದು. ಏಳು ಮೀಟರ್ ಗಾಡಿಯಾದರೆ ಟ್ಯಾಕ್ಸಿ ಹಿಡಿಯಿರಿ, ಅಥವಾ ಬೆಳಗಿನ ತಂಪಿನಲ್ಲಿ ನಡೆಯಿರಿ. ಚಿಕ್ಕ ವ್ಯಾನ್ ಆದರೆ ತೆರೆಯುವ ಹೊತ್ತಿಗೇ ಹೋಗಿ ಬಸ್ಸುಗಳು ಬರುವ ಮೊದಲು ಇಳಿದುಬಿಡಿ, ಎರಡನೇ ಗೇರಿನಲ್ಲಿ. ಒಳಗೆ ಕನಿಷ್ಠ ಎರಡು ಗಂಟೆ ಬೇಕು: ಕೋಟೆಯೊಳಗೆ ಕೋಟೆ, ನಡುವೆ ಅಧಿಕಾರಿಯ ಮನೆ, ಗೋಡೆಯ ಹೊಟ್ಟೆಯೊಳಗೆ ಗುಂಡು ಹಾರಿಸುವ ಕತ್ತಲೆ ಮೊಗಸಾಲೆಗಳು. ಚಿಕ್ಕ ಟಾರ್ಚ್ ಇಟ್ಟುಕೊಳ್ಳಿ. ತಾರಸಿಯಿಂದ ಎಲ್ವಾಸ್ ಅಂಗೈ ಮೇಲಿನ ಗೆರೆಯ ಹಾಗೆ ಕಾಣುತ್ತದೆ, ಆಚೆ ಬಾದಹೋಸ್. ನಿನ್ನೆ ನಡೆದ ಕೊತ್ತಳಗಳನ್ನು ಒಂದೊಂದಾಗಿ ಗುರುತಿಸಿ.

ಹೊರಡುವ ದಾರಿಯಲ್ಲಿ

ಶೌಚದ ಪೆಟ್ಟಿಗೆ, ಕೊಳೆನೀರು ಖಾಲಿ ಮಾಡಿ, ತಾರಸಿ ಕಿಂಡಿ ಮುಚ್ಚಿ, ಗ್ಯಾಸ್ ಬಂದ್ ಮಾಡಿ, ಮೆಟ್ಟಿಲು ಮಡಚಿ, ಫ್ರಿಜ್ ಬಾಗಿಲಿಗೆ ಚಿಲಕ ಹಾಕಿ. ಇದನ್ನು ಇಬ್ಬರು, ಒಬ್ಬರು ಓದಿ ಒಬ್ಬರು ಮುಟ್ಟಿ ನೋಡಿ, ಮುಗಿಸಬೇಕು. ಸ್ಪೇನ್ ಕಡೆ ಹೋಗುವವರು ಹೆದ್ದಾರಿ ಹಿಡಿಯದೆ ದಕ್ಷಿಣಕ್ಕೆ ಒಲಿವೆನ್ಸಾದ ರಸ್ತೆ ಹಿಡಿಯಿರಿ. ಹತ್ತು ಹನ್ನೆರಡು ಕಿ.ಮೀ.ಗೆ ಗ್ವಾದಿಯಾನಾ ಹೊಳೆ, ಹೊಸ ಸೇತುವೆಯ ಪಕ್ಕದಲ್ಲೇ 1709ರಲ್ಲಿ ಸ್ಪೇನ್ ಸೈನ್ಯ ಮುರಿದ ಅಜುದಾ ಸೇತುವೆಯ ಕಮಾನುಗಳು ನೀರಿನ ನಡುವೆ ನಿಂತಿವೆ. ಆಚೆಯ ಒಲಿವೆನ್ಸಾ 1801ರವರೆಗೆ ಪೋರ್ಚುಗಲ್‌ನದು. ಆ ವರ್ಷದ ಚಿಕ್ಕ ಯುದ್ಧದಲ್ಲಿ ಸ್ಪೇನ್ ಕಿತ್ತುಕೊಂಡಿತು, ಪೋರ್ಚುಗಲ್ ಇವತ್ತಿಗೂ ಅದನ್ನು ಅಧಿಕೃತವಾಗಿ ಒಪ್ಪಿಲ್ಲ. ಎಲ್ವಾಸ್‌ನ ಹೊರಗೆ ಕಿತ್ತಳೆ ಕಿತ್ತು ಸ್ಪೇನ್‌ನ ದಂಡನಾಯಕ ಗೊದೊಯ್ ತನ್ನ ರಾಣಿಗೆ ಕಳಿಸಿದನಂತೆ, ಅದಕ್ಕೇ ಅದರ ಹೆಸರು ಕಿತ್ತಳೆ ಯುದ್ಧ. ಸೇತುವೆಯ ಹತ್ತಿರ ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಮಳೆ ಬಿದ್ದಿದ್ದರೆ ಮಾತ್ರ ಮಣ್ಣಿಗೆ ಇಳಿಸಬೇಡಿ. ಮುಂಚಕ್ರ ಎಳೆಯುವ ಈ ಭಾರದ ಗಾಡಿಗಳು ಒದ್ದೆ ಹುಲ್ಲಿನ ಮೇಲೂ ಹೂತುಕೊಳ್ಳುತ್ತವೆ.